ಕೊನೆಯ ಬೆಂಚಿಲ್ಲದ ಕೊಠಡಿ

ಶಾಲೆಯ ಕೊಠಡಿ ಎಂದೊಡನೆ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಎದುರಿಗೆ ಕಪ್ಪುಹಲಗೆ, ಪಕ್ಕದಲ್ಲಿ ಮೇಷ್ಟ್ರ ಮೇಜು ಕುರ್ಚಿ, ಅವುಗಳಿಗೆ ಮುಖಮಾಡಿ ಸಾಲುಸಾಲು ಬೆಂಚು. ಬೀದರಿನಲ್ಲಾಗಲಿ ಚಾಮರಾಜನಗರದಲ್ಲಾಗಲಿ, ಐದನೇ ತರಗತಿಯಾಗಲಿ ಪಿಯುಸಿಯಾಗಲಿ, ಬೆಂಚಿನ ಎತ್ತರ ಬದಲಾಗಬಹುದೇ ಹೊರತು ಜೋಡಣೆ ಬದಲಾಗುವುದಿಲ್ಲ. ಅದು ಎಷ್ಟು ರೂಢಿಯಾಗಿದೆಯೆಂದರೆ, ಯಾವುದೋ ಕಾಲದಲ್ಲಿ ಯಾವುದೋ ಅಗತ್ಯಕ್ಕಾಗಿ ಯಾರೋ ಮಾಡಿದ ಏರ್ಪಾಡು ಅದು ಎಂಬುದೇ ಮರೆತುಹೋಗಿದೆ. ಕೊಠಡಿಯ ಜೋಡಣೆ ಮಗುವಿಗೆ ಬಾಯಿಬಿಡದೆ ಹಲವು ಸಂಗತಿಗಳನ್ನು ಹೇಳುತ್ತಿರುತ್ತದೆ. ತಿಳಿವಳಿಕೆ ಇರುವುದು ಮುಂದಿನ ಗೋಡೆಯಲ್ಲಿ, ಪಕ್ಕದವರೊಡನೆ ಮಾತಾಡುವುದು ತಪ್ಪು, ಎದ್ದು ನಿಲ್ಲಬೇಕಾದರೆ ಅಪ್ಪಣೆ ಬೇಕು. ಮಕ್ಕಳು ನಿಜಕ್ಕೂ ಹೇಗೆ ಕಲಿಯುತ್ತಾರೆ ಎಂದು ಹೊಸದಾಗಿ ಯೋಚಿಸಿದವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಈ ಕೊಠಡಿಗೇ ಕೈಹಚ್ಚಿದ್ದು ಈ ಕಾರಣಕ್ಕೆ.

ಬ್ರಿಟಿಷರ ಕಾಲದ ಶಾಲೆಗಳು ಬರುವ ಮುನ್ನ ಕನ್ನಡ ನಾಡಿನ ಕೂಲಿ ಮಠಗಳಲ್ಲಿ, ಜಗಲಿ ಶಾಲೆಗಳಲ್ಲಿ ಬೆಂಚು ಇರಲಿಲ್ಲ. ಅಯ್ಯಗಳು ಒಂದು ಕಡೆ ಕೂತರೆ ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮುಂದೆ ಹೋದ ಹುಡುಗ ಹಿಂದೆ ಉಳಿದವನಿಗೆ ಹೇಳಿಕೊಡುತ್ತಿದ್ದ. ದಕ್ಷಿಣ ಭಾರತದ ಈ ಪದ್ಧತಿ ಹದಿನೆಂಟನೇ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಮಕ್ಕಳ ಆಶ್ರಮವನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯ ಕಣ್ಣಿಗೆ ಬಿತ್ತು. ತನ್ನ ಆಶ್ರಮದಲ್ಲೂ ಅದನ್ನು ಅಳವಡಿಸಿದ ಬೆಲ್, ಊರಿಗೆ ಮರಳಿದ ಮೇಲೆ 1797ರಲ್ಲಿ ಆ ಪ್ರಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದ. ಅದು ‘ಮದರಾಸ್ ಪದ್ಧತಿ’ ಎಂದೇ ಹೆಸರಾಯಿತು. ಅದೇ ಸುಮಾರಿಗೆ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಬಡವರ ಮಕ್ಕಳಿಗಾಗಿ ಇಂಥದ್ದೇ ಶಾಲೆ ನಡೆಸಿದ. ಅಲ್ಲಿ ನೂರಾರು ಮಕ್ಕಳು ಒಂದೇ ಹಜಾರದಲ್ಲಿ ಉದ್ದನೆಯ ಬೆಂಚುಗಳ ಸಾಲಿನಲ್ಲಿ ಮುಂದಿನ ವೇದಿಕೆಗೆ ಮುಖಮಾಡಿ ಕೂರುತ್ತಿದ್ದರು. ಒಬ್ಬ ಉಪಾಧ್ಯಾಯ ಅಷ್ಟೂ ಮಕ್ಕಳನ್ನು ಒಂದೇ ನೋಟದಲ್ಲಿ ಹಿಡಿದಿಡಬೇಕಿತ್ತು. ಮುಂದೆ ತರಗತಿಗೊಂದು ಕೊಠಡಿ, ಕೊಠಡಿಗೊಬ್ಬ ಉಪಾಧ್ಯಾಯ ಬಂದರೂ ಸಾಲು ಮಾತ್ರ ಉಳಿದುಕೊಂಡಿತು. ಇಲ್ಲಿಂದ ಹೋದ ವಿದ್ಯೆಯೊಂದು ರೂಪ ಬದಲಿಸಿ ಬೆಂಚು ಹೊತ್ತುಕೊಂಡು ಮರಳಿ ಬಂತು.

ಸಾಲುಬೆಂಚಿಗೆ ಸಲ್ಲಬೇಕಾದ ಋಣವನ್ನು ಮರೆಯುವಂತಿಲ್ಲ. ಕೂಲಿ ಮಠಗಳ ಜಗಲಿ ಎಲ್ಲರಿಗೂ ತೆರೆದಿರಲಿಲ್ಲ. ದಲಿತರ ಮಕ್ಕಳಿಗೆ, ಬಹುಮಟ್ಟಿಗೆ ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಕಡಿಮೆ ಖರ್ಚಿನಲ್ಲಿ ಲಕ್ಷಾಂತರ ಮಕ್ಕಳನ್ನು ಶಾಲೆಯೊಳಗೆ ಕೂರಿಸಲು ಸಾಧ್ಯವಾದದ್ದು ಈ ಸರಳ ಜೋಡಣೆಯಿಂದ. ಒಬ್ಬರು ಹೇಳುವುದನ್ನು ಎಲ್ಲರೂ ಕೇಳಬೇಕಾದಾಗ, ಪ್ರತಿ ಮಗುವೂ ತನ್ನಷ್ಟಕ್ಕೆ ಕೂತು ಬರೆಯಬೇಕಾದಾಗ ಸಾಲು ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಇರುವುದು ಇಡೀ ದಿನ, ಇಡೀ ವರ್ಷ, ಎಲ್ಲ ಪಾಠಕ್ಕೂ ಅದೊಂದೇ ಆದಾಗ. ಉಪಾಧ್ಯಾಯರ ಕಣ್ಣು ಮತ್ತು ಪ್ರಶ್ನೆ ಹೆಚ್ಚಾಗಿ ಮುಂದಿನ ಸಾಲಿನಲ್ಲೂ ನಡುವಿನ ಓಣಿಯ ಅಕ್ಕಪಕ್ಕದಲ್ಲೂ ಓಡಾಡುತ್ತವೆ ಎಂಬುದನ್ನು ತರಗತಿಗಳಲ್ಲಿ ಕೂತು ಲೆಕ್ಕಹಾಕಿದ ಸಂಶೋಧಕರು 1970ರ ಹೊತ್ತಿಗೇ ತೋರಿಸಿದ್ದರು. ಮೂಲೆಯಲ್ಲಿ ಕೂತವರಿಗೆ ಸಿಗುವುದು ಉಳಿದದ್ದು. ‘ಲಾಸ್ಟ್ ಬೆಂಚ್’ ಎನ್ನುವುದು ಜಾಗದ ಹೆಸರಾಗಿದ್ದದ್ದು ಮಕ್ಕಳ ಹೆಸರಾಗಿಬಿಟ್ಟಿದೆ.

2024ರಲ್ಲಿ ಬಂದ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಎಂಬ ಮಲಯಾಳಂ ಚಿತ್ರದಲ್ಲಿ ಇದೇ ಹಿಂದಿನ ಬೆಂಚಿನ ಹುಡುಗನ ಕಥೆಯಿದೆ. ಅದರಲ್ಲಿ ತೋರಿಸಿದಂತೆ ಬೆಂಚುಗಳನ್ನು ಮೂರು ಗೋಡೆಗಳಿಗೆ ಒತ್ತಿ, ನಡುವೆ ಜಾಗ ಬಿಟ್ಟು, ಎಲ್ಲರೂ ಮುಂದಿನ ಬೆಂಚಿನವರೇ ಆಗುವ ಜೋಡಣೆಯನ್ನು ಕೇರಳದ ಹಲವು ಶಾಲೆಗಳು 2025ರಲ್ಲಿ ಅಳವಡಿಸಿಕೊಂಡವು. ಸುದ್ದಿ ಹಬ್ಬಿ ಬೇರೆ ರಾಜ್ಯಗಳ ಶಾಲೆಗಳೂ ಪ್ರಯತ್ನಿಸಿದವು. ಇಪ್ಪತ್ತು ಇಪ್ಪತ್ತೈದು ಮಕ್ಕಳಿರುವ ಕಡೆ ಇದು ಖರ್ಚಿಲ್ಲದ ಒಳ್ಳೆಯ ಬದಲಾವಣೆ. ಮಕ್ಕಳು ಪರಸ್ಪರ ಮುಖ ನೋಡಿ ಮಾತಾಡಬಹುದು, ಉಪಾಧ್ಯಾಯರು ಪ್ರತಿಯೊಬ್ಬರ ಪುಸ್ತಕದ ಬಳಿ ನಾಲ್ಕು ಹೆಜ್ಜೆಯಲ್ಲಿ ತಲುಪಬಹುದು. ಐವತ್ತು ಮಕ್ಕಳಿರುವ ಕಡೆ ಗೋಡೆಯ ಉದ್ದ ಸಾಲದೆ ಎರಡನೇ ಸುತ್ತು ಹಾಕಬೇಕಾಗುತ್ತದೆ, ಹಿಂದಿನ ಬೆಂಚು ಮತ್ತೆ ಹುಟ್ಟುತ್ತದೆ. ಪಕ್ಕದ ಗೋಡೆಗೆ ಕೂತ ಮಗು ದಿನವಿಡೀ ಬೋರ್ಡು ನೋಡಲು ಕತ್ತು ತಿರುಗಿಸಿಯೇ ಇರಬೇಕಾಗುತ್ತದೆ. ಬೆಂಚು ಗೋಡೆಗೆ ಹೋದರೂ ಪಾಠ ಬೋರ್ಡಿನಲ್ಲೇ ಉಳಿದರೆ ಆ ಕತ್ತುನೋವಿಗೆ ಪ್ರತಿಫಲವಿಲ್ಲ.

ಕೊಠಡಿಯನ್ನು ಮಗುವಿನ ಅಳತೆಗೆ ಇಳಿಸಿದ ಮೊದಲ ದೊಡ್ಡ ಹೆಜ್ಜೆ ರೋಮ್ ನಗರದ್ದು. ಅಲ್ಲಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 1907ರ ಜನವರಿ 6ರಂದು ವೈದ್ಯೆ ಮರಿಯಾ ಮಾಂಟೆಸ್ಸರಿ ‘ಮಕ್ಕಳ ಮನೆ’ ತೆರೆದರು. ಮಗು ತಾನೇ ಎತ್ತಿ ಸರಿಸಬಲ್ಲ ಹಗುರ ಕುರ್ಚಿ, ಕೈಗೆಟುಕುವ ಕಪಾಟು, ನೆಲದ ಮೇಲೆ ಹಾಸಿ ಕೂರಲು ಚಾಪೆ. ನಾಲ್ಕು ವರ್ಷದ ಮಗು ಬೇಕಾದ ಸಾಮಾನನ್ನು ತಾನೇ ತಂದುಕೊಂಡು, ಮುಗಿಸಿ, ಅದರ ಜಾಗದಲ್ಲೇ ಇಡಬೇಕೆಂಬುದು ಅಲ್ಲಿನ ಪಾಠಕ್ರಮದ ಬುನಾದಿ. ಕಪಾಟು ಎತ್ತರವಾಗಿದ್ದರೆ ಆ ಕ್ರಮ ನಡೆಯುವುದೇ ಇಲ್ಲ. ಕಲಿಸುವ ರೀತಿ ಮೊದಲು ಬಂತು, ಕಪಾಟಿನ ಎತ್ತರ ಅದನ್ನು ಹಿಂಬಾಲಿಸಿತು.

ಅಮೆರಿಕದ ಶಿಕಾಗೊ ಬಳಿಯ ವಿನೆಟ್ಕಾ ಊರಿನ ಕ್ರೋ ಐಲೆಂಡ್ ಶಾಲೆ 1940ರಲ್ಲಿ ಕಟ್ಟಿದ್ದು. ಫಿನ್ಲೆಂಡ್ ಮೂಲದ ಎಲಿಯಲ್ ಸಾರಿನೆನ್, ಅವರ ಮಗ ಈರೊ ಮತ್ತು ಶಿಕಾಗೊದ ಯುವ ವಾಸ್ತುಶಿಲ್ಪಿಗಳ ತಂಡವೊಂದು ಸೇರಿ ರೂಪಿಸಿದ ಈ ಶಾಲೆಗೆ ನಕ್ಷೆ ಎಳೆಯುವ ಮುನ್ನ ತಂಡದವರು ತರಗತಿಗಳಲ್ಲಿ ಕೂತು ನೋಡಿದರು. ಉಪಾಧ್ಯಾಯರನ್ನೂ ಕಸಗುಡಿಸುವವರನ್ನೂ ವಿಚಾರಿಸಿದರು. ಹಾಗೆ ರೂಪುಗೊಂಡ ಪ್ರತಿ ಕೊಠಡಿಯೂ ಎರಡು ತೋಳಿನದು. ಒಂದು ತೋಳಿನಲ್ಲಿ ಪಾಠ, ಇನ್ನೊಂದರಲ್ಲಿ ಸಿಂಕು, ಮೇಜು, ಕೈಕೆಲಸದ ಜಾಗ. ಕೊಠಡಿಗೇ ಅಂಟಿಕೊಂಡ ಶೌಚಾಲಯ, ಹೊರಗೆ ಆ ತರಗತಿಗೇ ಸೇರಿದ ಪುಟ್ಟ ಅಂಗಳ. ದೀಪದ ಸ್ವಿಚ್ಚು, ಬಾಗಿಲ ಹಿಡಿ, ಕೂರುವ ಆಸನ ಎಲ್ಲವೂ ಮಕ್ಕಳ ಎತ್ತರಕ್ಕೆ. ಆಮೇಲೆ ಬಂದ ಎಷ್ಟೋ ದೇಶಗಳ ಶಾಲೆಗಳಿಗೆ ಇದು ಮಾದರಿಯಾಯಿತು. ಕಸಗುಡಿಸುವವರನ್ನು ಕೇಳಿದ್ದು ಸಣ್ಣ ಮಾತಲ್ಲ. ಶಾಲೆಯ ನೀರು ಎಲ್ಲಿ ನಿಲ್ಲುತ್ತದೆ, ಮಕ್ಕಳು ಎಲ್ಲಿ ಗುಂಪುಗೂಡುತ್ತಾರೆ, ಯಾವ ಮೂಲೆಗೆ ಯಾರೂ ಹೋಗುವುದಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೆ.

ಹೊಸತನದ ಉತ್ಸಾಹ ಎಡವಿದ ಕಥೆಯೂ ಇದೆ. 1960 ಮತ್ತು 70ರ ದಶಕಗಳಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಗೋಡೆಗಳಿಲ್ಲದ ‘ತೆರೆದ ಶಾಲೆ’ಗಳ ಅಲೆ ಎದ್ದಿತು. ಮಕ್ಕಳು ತಮ್ಮ ಗತಿಯಲ್ಲಿ, ತಮ್ಮ ಆಸಕ್ತಿಯಂತೆ ಕಲಿಯಬೇಕೆಂಬ ಆಶಯ ಒಳ್ಳೆಯದೇ. ಗೋಡೆ ತೆಗೆದರೆ ಕಲಿಕೆ ತಾನಾಗಿ ಹಾಗೆ ಹರಿಯುತ್ತದೆ ಎಂದು ನಂಬಿ ದೊಡ್ಡ ದೊಡ್ಡ ಹಜಾರಗಳನ್ನು ಕಟ್ಟಲಾಯಿತು. ಆದರೆ ಬಹಳಷ್ಟು ಉಪಾಧ್ಯಾಯರಿಗೆ ಹೊಸ ರೀತಿಯ ತರಬೇತಿಯೇ ಸಿಕ್ಕಿರಲಿಲ್ಲ. ಅವರು ಹಳೆಯ ಪಾಠವನ್ನೇ ಮುಂದುವರಿಸಿದರು, ಅದೂ ಪಕ್ಕದ ಮೂರು ತರಗತಿಗಳ ಸದ್ದಿನ ನಡುವೆ. ಕೆಲವೇ ವರ್ಷಗಳಲ್ಲಿ ಪುಸ್ತಕದ ಕಪಾಟುಗಳು ಅಡ್ಡಗೋಡೆಗಳಾದವು, ಆಮೇಲೆ ನಿಜವಾದ ಗೋಡೆಗಳೇ ಮರಳಿ ಎದ್ದವು.

ಆ ಸೋಲಿನಿಂದ ಸದ್ದಿನ ವಿಚಾರ ಗಂಭೀರವಾಗಿ ಚರ್ಚೆಗೆ ಬಂತು. ಗದ್ದಲದ ನಡುವೆ ಮಾತನ್ನು ಬಿಡಿಸಿ ಕೇಳುವ ಶಕ್ತಿ ದೊಡ್ಡವರಿಗಿರುವಷ್ಟು ಮಕ್ಕಳಿಗಿರುವುದಿಲ್ಲ, ಹದಿಹರೆಯದವರೆಗೂ ಅದು ಬಲಿಯುತ್ತಲೇ ಇರುತ್ತದೆ. ದೊಡ್ಡವರು ಅರ್ಧ ಪದ ಕೇಳಿದರೂ ಉಳಿದರ್ಧವನ್ನು ಊಹಿಸಿಕೊಳ್ಳುತ್ತಾರೆ. ಆ ಪದವನ್ನೇ ಮೊದಲ ಸಲ ಕೇಳುತ್ತಿರುವ ಮಗು ಏನನ್ನು ಊಹಿಸಬೇಕು? 2002ರಲ್ಲಿ ಬಂದ ಅಮೆರಿಕದ ಮಾನದಂಡದ ಪ್ರಕಾರ ಸಾಧಾರಣ ಗಾತ್ರದ ಖಾಲಿ ಕೊಠಡಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು, ಗೋಡೆಗೆ ಬಡಿದು ಮರಳುವ ದನಿ 0.6 ಸೆಕೆಂಡಿನೊಳಗೆ ಅಡಗಬೇಕು. ಗಾರೆ ನೆಲ, ಬೋಳು ಗೋಡೆ, ಕಾಂಕ್ರೀಟಿನ ಚಾವಣಿ ಇರುವ ಕೊಠಡಿಯಲ್ಲಿ ದನಿ ಅದಕ್ಕಿಂತ ಹೆಚ್ಚು ಹೊತ್ತು ಸುತ್ತಾಡುತ್ತದೆ. ತಗಡಿನ ಶೀಟು ಹೊದಿಸಿದ ಶಾಲೆಯಲ್ಲಿ ಮುಂಗಾರು ಮಳೆ ಬಿತ್ತೆಂದರೆ ಪಾಠವೇ ನಿಲ್ಲುತ್ತದೆ. ಚಾಪೆ, ದಪ್ಪ ಬಟ್ಟೆ, ಗೋಡೆಗೆ ಹೊಡೆದ ಮೆತ್ತನೆಯ ಹಲಗೆ ಇವಿಷ್ಟೇ ದನಿಯನ್ನು ಸಾಕಷ್ಟು ಹೀರಿಕೊಳ್ಳುತ್ತವೆ. ಶಾಲೆಗೆ ಲಕ್ಷಗಟ್ಟಲೆ ಖರ್ಚು ಮಾಡುವಾಗಲೂ ಈ ಸಂಗತಿ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಕರ್ನಾಟಕದ ಮಟ್ಟಿಗೆ ಕಲಿಕೆಯೂ ಕೊಠಡಿಯೂ ಒಟ್ಟೊಟ್ಟಿಗೆ ಬದಲಾದ ಅತಿ ದೊಡ್ಡ ಉದಾಹರಣೆ ನಲಿಕಲಿ. ಅದರ ಬೇರುಗಳಲ್ಲೊಂದು ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿಯಿದೆ. ಬ್ರಿಟನ್ನಿನಿಂದ ಬಂದು ಇಲ್ಲೇ ನೆಲೆಸಿದ ಡೇವಿಡ್ ಹಾರ್ಸ್‌ಬರ್ಗ್ 1972ರಲ್ಲಿ ಅಲ್ಲಿ ನೀಲ್‌ಬಾಗ್ ಎಂಬ ಶಾಲೆ ತೆರೆದರು. ಸುತ್ತಲ ಹಳ್ಳಿಗಳ ಮಕ್ಕಳು ವಯಸ್ಸಿನ ಭೇದವಿಲ್ಲದೆ ಒಟ್ಟಿಗೆ ಕೂತು, ಪರೀಕ್ಷೆಯ ಹೆದರಿಕೆಯಿಲ್ಲದೆ, ತಮ್ಮ ತಮ್ಮ ಗತಿಯಲ್ಲಿ ಕಲಿಯುತ್ತಿದ್ದರು. ಓದು ಲೆಕ್ಕದಷ್ಟೇ ಬಡಗಿ ಕೆಲಸಕ್ಕೂ ತೋಟದ ಕೆಲಸಕ್ಕೂ ಬೆಲೆಯಿತ್ತು. 1984ರಲ್ಲಿ ಹಾರ್ಸ್‌ಬರ್ಗ್ ತೀರಿಕೊಂಡರು. ಅವರ ವಿಚಾರಗಳು ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಸುತ್ತಲ ಸಣ್ಣ ಹಳ್ಳಿಶಾಲೆಗಳಲ್ಲಿ ಇನ್ನಷ್ಟು ಬೆಳೆದು, ಕಾರ್ಡುಗಳ ಮೂಲಕ ಹಂತಹಂತವಾಗಿ ಕಲಿಯುವ ವ್ಯವಸ್ಥೆಯಾದವು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಆ ತಾಲ್ಲೂಕಿನಲ್ಲಿ ನಲಿಕಲಿ ಶುರುವಾಯಿತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು.

ನಲಿಕಲಿ ಕೊಠಡಿಯೊಳಗೆ ಕಾಲಿಟ್ಟರೆ ‘ಮುಂದಿನ ಗೋಡೆ’ ಯಾವುದೆಂದು ತಕ್ಷಣ ತಿಳಿಯುವುದಿಲ್ಲ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕಡೆ ಗುಂಪುಗುಂಪಾಗಿ ಕೂತಿರುತ್ತಾರೆ. ನಾಲ್ಕೂ ಗೋಡೆಗಳ ಕೆಳಭಾಗಕ್ಕೆ, ಆರು ವರ್ಷದ ಮಗುವಿನ ಕೈಗೆ ಎಟುಕುವ ಎತ್ತರಕ್ಕೆ, ಕಪ್ಪು ಬಣ್ಣ ಬಳಿದು ಮಕ್ಕಳಿಗೆ ಬರೆಯಲು ಜಾಗ ಮಾಡಿರುತ್ತಾರೆ. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳ ಚಪ್ಪರ. ಅದಕ್ಕೆ ಮಕ್ಕಳೇ ಬರೆದ ಚಿತ್ರ, ಕತ್ತರಿಸಿದ ಕಾಗದದ ಹಕ್ಕಿ, ಅಕ್ಷರದ ಚೀಟಿಗಳು ತೂಗುತ್ತವೆ. ಒಂದು ಗೋಡೆಯಲ್ಲಿ ಕಲಿಕಾ ಏಣಿ. ಮಗು ಅದರ ಮುಂದೆ ನಿಂತು ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆಂದು ಬೆರಳಿಟ್ಟು ಹುಡುಕುತ್ತದೆ, ಅಲ್ಲಿರುವ ಗುರುತಿನ ಚಿತ್ರವನ್ನು ನೋಡಿಕೊಳ್ಳುತ್ತದೆ, ಅದೇ ಚಿತ್ರವಿರುವ ಕಾರ್ಡನ್ನು ತಟ್ಟೆಯಿಂದ ಆರಿಸಿ ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪುಗಳಲ್ಲೂ ಒಂದು ತರ್ಕವಿದೆ. ಹೊಸದನ್ನು ಕಲಿಯುವವರ ಪಕ್ಕದಲ್ಲಿ ಪೂರ್ತಿಯಾಗಿ ಟೀಚರು, ಸ್ವಲ್ಪ ಹಿಡಿತ ಬಂದವರಿಗೆ ಟೀಚರ ಅಲ್ಪ ನೆರವು, ಆಮೇಲೆ ಗೆಳೆಯರ ನೆರವು, ಕೊನೆಗೆ ತಾನೇ ಮಾಡಿ ನೋಡುವ ಗುಂಪು. ಕೂಲಿ ಮಠದ ಮರಳಿನ ಬಳಿ ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡುತ್ತಿದ್ದದ್ದು ಇಲ್ಲಿ ಹುಡುಗ ಹುಡುಗಿಯರೆಲ್ಲರ ಪಾಲಿಗೂ ಬಂದಿದೆ.

ಪಾಠದ ಒಳಗೂ ಇದೇ ಯೋಚನೆ ಇಳಿದಿದೆ. ಅ ಆ ಇ ಈ ಎಂದು ವರ್ಣಮಾಲೆಯ ಕ್ರಮ ಹಿಡಿಯದೆ ಅಕ್ಷರ ಕಲಿಕೆ ರ, ಗ, ಸ, ದ, ಅ ಎಂಬ ಐದರಿಂದ ಆರಂಭವಾಗುತ್ತದೆ. ಐದೇ ಅಕ್ಷರ ಬಂದರೂ ಸಾಕು, ಮಗು ‘ಸರ’, ‘ಅರಸ’, ‘ಅಗಸ’, ‘ಗರಗಸ’ ಎಂದು ಓದಿಬಿಡುತ್ತದೆ. ಐವತ್ತು ಅಕ್ಷರ ಮುಗಿಯುವ ತನಕ ಓದುವ ಸುಖಕ್ಕಾಗಿ ಕಾಯಬೇಕಿಲ್ಲ. ಸುಗ್ಗಿಯ ಕಾಲದಲ್ಲಿ ಅಪ್ಪ ಅಮ್ಮನ ಜೊತೆ ಗುಳೆ ಹೋದ ಮಗು ಒಂದು ತಿಂಗಳ ಮೇಲೆ ಬಂದರೆ, ಉಳಿದವರು ಎಲ್ಲೇ ಇರಲಿ, ಅದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಲು ತೊಡಗುತ್ತದೆ. ಸಾಲುಬೆಂಚಿನ ತರಗತಿಯಲ್ಲಿ ಅದೇ ಮಗುವಿನ ಪಾಡು ಏನೆಂದು ಹಳ್ಳಿಯ ಉಪಾಧ್ಯಾಯರೆಲ್ಲರಿಗೂ ಗೊತ್ತು.

ನಲಿಕಲಿಯ ಮೇಲೆ ದೂರುಗಳೂ ಇವೆ, ಅವುಗಳಲ್ಲಿ ಹುರುಳಿದೆ. ಕಾರ್ಡುಗಳು ಹರಿದು ಕಳೆದುಹೋದರೆ ಏಣಿಯ ಮೆಟ್ಟಿಲೇ ಮುರಿದಂತೆ. ಮಕ್ಕಳ ಸಂಖ್ಯೆ ಹೆಚ್ಚಾದಷ್ಟೂ ಟೀಚರು ಎಲ್ಲ ಗುಂಪುಗಳಿಗೂ ಸಲ್ಲುವುದು ಕಷ್ಟ, ದಾಖಲೆ ಬರೆಯುವ ಹೊರೆ ಬೇರೆ. ಮೂರು ತರಗತಿಯನ್ನು ಒಂದೇ ಕಡೆ ಕೂರಿಸಿದ್ದನ್ನು ಬಡತನದ ಗುರುತೆಂದೇ ಬಗೆಯುವ ತಂದೆತಾಯಂದಿರಿದ್ದಾರೆ. ಎಲ್ಲಕ್ಕಿಂತ ದೊಡ್ಡ ಕೊರತೆ ಮುಂದಿನ ಕೊಠಡಿಯಲ್ಲಿದೆ. ಮೂರು ವರ್ಷ ತಾನೇ ಕಾರ್ಡು ಆರಿಸಿಕೊಂಡು ಕಲಿತ ಮಗು ನಾಲ್ಕನೇ ತರಗತಿಗೆ ಹೋದ ದಿನ ಮತ್ತೆ ಸಾಲಿನಲ್ಲಿ ಕೂರುತ್ತದೆ. ಅಲ್ಲಿಯವರೆಗೆ ಕಲಿತ ಸ್ವಾತಂತ್ರ್ಯಕ್ಕೆ ಆ ಕೊಠಡಿಯಲ್ಲಿ ಕೆಲಸವಿಲ್ಲ. ಆ ಬಾಗಿಲಿನ ಈಚೆಗೂ ಆಚೆಗೂ ಇರುವ ಅಂತರವನ್ನು ತುಂಬದೆ ನಲಿಕಲಿ ಪೂರ್ಣವಾಗುವುದಿಲ್ಲ.

ಒಂದೇ ಕೊಠಡಿಯಲ್ಲಿ ಹಲವು ತರಗತಿ ಇರುವುದು ಕಾನೂನೇ ಒಪ್ಪಿಕೊಂಡ ವಾಸ್ತವ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯವರೆಗೆ ಅರವತ್ತು ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು, ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ. ಐದು ತರಗತಿ, ಎರಡು ಕೊಠಡಿ. ಹೀಗಿರುವಾಗ ‘ಒಂದು ತರಗತಿಗೆ ಒಂದು ಕೊಠಡಿ’ ಎಂಬ ಅಚ್ಚಿನಲ್ಲೇ ಶಾಲೆ ಕಟ್ಟುತ್ತ ಹೋಗುವುದಕ್ಕಿಂತ, ಹಲವು ವಯಸ್ಸಿನ ಮಕ್ಕಳು ಹಲವು ಕೆಲಸ ಮಾಡಲು ಒದಗುವ ಕೊಠಡಿಯನ್ನು ಯೋಚಿಸುವುದೇ ಸಣ್ಣ ಶಾಲೆಗಳಿಗೆ ತಕ್ಕ ದಾರಿ.

ಇರುವ ಕಟ್ಟಡವನ್ನೇ ಪಾಠದ ಸಾಮಾನಾಗಿ ಮಾಡುವ ಇನ್ನೊಂದು ದಾರಿಯನ್ನು ದೆಹಲಿಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಅವರ ‘ವಿನ್ಯಾಸ್’ ಸಂಸ್ಥೆ ತೋರಿಸಿದರು. ರಾಜಸ್ಥಾನದ ಶಾಲೆಗಳಲ್ಲಿ ಆರಂಭವಾಗಿ, ಯುನಿಸೆಫ್ ಬೆಂಬಲದಿಂದ ಹಲವು ರಾಜ್ಯಗಳಿಗೆ ಹಬ್ಬಿದ ಇದು ‘ಬಾಲಾ’ ಎಂಬ ಹೆಸರಿನಿಂದ ಪರಿಚಿತ. ಬಾಗಿಲು ತೆರೆಯುವ ಕಡೆ ನೆಲದ ಮೇಲೆ ಅರ್ಧವೃತ್ತ ಬರೆದು ಅಂಶಗಳ ಗುರುತು ಹಾಕುತ್ತಾರೆ. ಬಾಗಿಲು ಸ್ವಲ್ಪ ತೆರೆದರೆ 45, ನೇರವಾಗಿ ನಿಂತರೆ 90, ಪೂರ್ತಿ ಗೋಡೆಗೆ ಒರಗಿದರೆ 180. ಕೋನವೆಂದರೆ ಪುಸ್ತಕದಲ್ಲಿ ಎರಡು ಗೆರೆ ಕೂಡುವ ಜಾಗ ಎಂದಷ್ಟೇ ಓದಿದ ಮಗು ಇಲ್ಲಿ ದಿನಕ್ಕೆ ಹತ್ತು ಸಲ ಕೋನವನ್ನು ತಾನೇ ತಳ್ಳಿ ದೊಡ್ಡದು ಚಿಕ್ಕದು ಮಾಡುತ್ತದೆ. ಕಿಟಕಿಯ ಸರಳುಗಳಲ್ಲಿ ಆಕಾರಗಳು, ಮೆಟ್ಟಿಲಲ್ಲಿ ಎಣಿಕೆ, ಕಂಬದ ಮೇಲೆ ಎತ್ತರದ ಅಳತೆ, ಫ್ಯಾನಿನ ರೆಕ್ಕೆಗೆ ಬಳಿದ ಬಣ್ಣಗಳು ತಿರುಗುವಾಗ ಬೆರೆಯುವ ಸೋಜಿಗ, ಧ್ವಜಕಂಬದ ನೆರಳಿನಲ್ಲಿ ಗಂಟೆ. ಹೊಸ ಕೊಠಡಿ ಬೇಕಿಲ್ಲ, ಗಾರೆ ಕೆಲಸದವರಿಗೂ ಬಣ್ಣದವರಿಗೂ ಕೂತು ವಿವರಿಸಬಲ್ಲ ಒಬ್ಬರು ಬೇಕು.

ಈ ಕೆಲಸ ಅಲಂಕಾರಕ್ಕೆ ಜಾರುವುದು ಬಲು ಸುಲಭ. ಕರ್ನಾಟಕದ ಹಲವು ಊರುಗಳಲ್ಲಿ ದಾನಿಗಳ ನೆರವಿನಿಂದ ಶಾಲೆಗಳಿಗೆ ರೈಲಿನ ಬೋಗಿಯಂತೆ ಬಣ್ಣ ಬಳಿದಿದ್ದಾರೆ. ಮಕ್ಕಳಿಗೆ ಅದು ಹಿಗ್ಗು, ಊರಿಗೆ ಶಾಲೆಯ ಮೇಲೆ ಅಭಿಮಾನ. ಆ ಮಟ್ಟಿಗೆ ಒಳ್ಳೆಯ ಕೆಲಸವೇ. ಒಳಗೆ ಮಾತ್ರ ಬೆಂಚು, ಬೋರ್ಡು, ಪಾಠ ಯಾವುದೂ ಕದಲಿರುವುದಿಲ್ಲ. ಒಳಗೋಡೆಗಳನ್ನು ನೆಲದಿಂದ ಚಾವಣಿಯ ತನಕ ಚಿತ್ರಗಳಿಂದ ತುಂಬಿದರೆ ತೊಂದರೆಯೂ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 24 ಪುಟ್ಟ ಮಕ್ಕಳಿಗೆ ಕೆಲವು ಪಾಠಗಳನ್ನು ಚಿತ್ರಗಳು ಕಿಕ್ಕಿರಿದ ಕೊಠಡಿಯಲ್ಲೂ ಇನ್ನು ಕೆಲವನ್ನು ಬೋಳು ಗೋಡೆಯ ಕೊಠಡಿಯಲ್ಲೂ ಹೇಳಿಕೊಡಲಾಯಿತು. ಕಿಕ್ಕಿರಿದ ಕಡೆ ಮಕ್ಕಳ ಗಮನ ಹೆಚ್ಚು ಚೆದುರಿತು, ಕಲಿತದ್ದು ಕಡಿಮೆಯಾಯಿತು. ಹಾಗಂತ ಗೋಡೆ ಬೋಳಾಗಿಯೇ ಇರಬೇಕೆಂದಲ್ಲ. ಈ ವಾರ ಮಕ್ಕಳು ಮಾಡಿದ್ದು ಈ ವಾರ ಗೋಡೆಯಲ್ಲಿದ್ದು, ಮುಂದಿನ ವಾರ ಇಳಿದರೆ ಮಕ್ಕಳು ಅದನ್ನು ನೋಡುತ್ತಾರೆ. ಹತ್ತು ವರ್ಷದ ಹಿಂದೆ ಪೇಂಟರು ಬರೆದ ಹಣ್ಣಿನ ಸಾಲನ್ನು ಯಾರೂ ನೋಡುವುದಿಲ್ಲ.

ಕಟ್ಟಡ ಕಲಿಕೆಯನ್ನು ಎಷ್ಟರ ಮಟ್ಟಿಗೆ ತಟ್ಟುತ್ತದೆ ಎಂಬುದನ್ನು ಅಳೆಯಲು ಹೊರಟ ಅಧ್ಯಯನಗಳಲ್ಲಿ ಬ್ರಿಟನ್ನಿನ ಸಾಲ್ಫರ್ಡ್ ವಿಶ್ವವಿದ್ಯಾಲಯದ್ದು ದೊಡ್ಡದು. ಪೀಟರ್ ಬ್ಯಾರೆಟ್ ನೇತೃತ್ವದ ತಂಡ 27 ಶಾಲೆಗಳ 153 ಕೊಠಡಿಗಳಲ್ಲಿ ಓದುತ್ತಿದ್ದ 3766 ಮಕ್ಕಳ ಒಂದು ವರ್ಷದ ಪ್ರಗತಿಯನ್ನು ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮಕ್ಕಳ ಪ್ರಗತಿಯಲ್ಲಿ ಕಂಡ ಏರುಪೇರಿನ ಶೇ 16ರಷ್ಟನ್ನು ಕೊಠಡಿಯ ಗುಣಗಳಿಂದ ವಿವರಿಸಬಹುದು ಎಂಬುದು ಅದರ ಸಾರ. ಅದರಲ್ಲಿ ಅರ್ಧದಷ್ಟು ಬೆಳಕು, ಗಾಳಿ, ಶಾಖದ ಪಾಲು. ಉಳಿದರ್ಧ ಕೊಠಡಿ ತನ್ನದು ಎನ್ನಿಸುವ ಭಾವ, ಬೇಕಾದಂತೆ ಬದಲಿಸಿಕೊಳ್ಳುವ ಅನುಕೂಲ, ಬಣ್ಣ ಮತ್ತು ಗೋಡೆಯ ಹದ ಇವುಗಳದು. ಕಂಪ್ಯೂಟರ್ ಪರದೆ, ‘ಸ್ಮಾರ್ಟ್ ಕ್ಲಾಸ್’ ಎಂದು ಓಡುವ ಮುನ್ನ ಕಿಟಕಿಯ ಕಡೆ ನೋಡಬೇಕೆನ್ನುವುದಕ್ಕೆ ಇಷ್ಟು ಆಧಾರ ಸಾಕು. ಬಿಸಿಲ ನಾಡಿನಲ್ಲಿ ಕೊಠಡಿಯ ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಇದ್ದು, ಕಿಟಕಿಗಳು ಎದುರುಬದುರಾಗಿದ್ದರೆ ನೇರ ಬಿಸಿಲು ಒಳನುಗ್ಗದು, ಗಾಳಿ ಅಡ್ಡ ಹಾಯುತ್ತದೆ. ಕರಾವಳಿ, ಮಲೆನಾಡಿನ ಹಳೆಯ ಶಾಲೆಗಳ ಹೆಂಚಿನ ಮಾಡು ಸಂದುಗಳಲ್ಲಿ ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಆ ಮಾಡು ಈಗ ತಗಡಿಗೂ ತಾರಸಿಗೂ ಜಾಗ ಬಿಟ್ಟುಕೊಡುತ್ತಿದೆ.

ತಗಡು ಹೊದಿಸಿದರೂ ಕೊಠಡಿ ತಂಪಾಗಿರಬಲ್ಲದು ಎಂದು ತೋರಿಸಿಕೊಟ್ಟದ್ದು ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗ್ಯಾಂಡೊ ಎಂಬ ಹಳ್ಳಿ. ಆ ಊರಿನ ಹುಡುಗ ಫ್ರಾನ್ಸಿಸ್ ಕೆರೆ ಬೇರೆ ಊರಿನಲ್ಲಿ, ಕತ್ತಲು ಕವಿದ ಬಿಸಿ ಕೊಠಡಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ನಡುವೆ ಕೂತು ಓದಿದವರು. ಬರ್ಲಿನ್ನಿನಲ್ಲಿ ವಾಸ್ತುಶಿಲ್ಪ ಕಲಿಯುತ್ತಿದ್ದಾಗಲೇ ಹಣ ಕೂಡಿಸಿ ತಮ್ಮ ಊರಿಗೆ ಶಾಲೆ ಕಟ್ಟಲು ಹೊರಟರು. 2001ರಲ್ಲಿ ಮುಗಿದ ಆ ಶಾಲೆಯ ಗೋಡೆ ಊರಿನ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯದು. ಕೊಠಡಿಯ ಮೇಲೆ ಗಾಳಿಯಾಡುವ ಇಟ್ಟಿಗೆಯ ಚಾವಣಿ, ಅದಕ್ಕೂ ಮೇಲೆ ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ಎತ್ತಿ ನಿಲ್ಲಿಸಿದ ತಗಡು. ತಗಡು ಕಾದಾಗ ನಡುವಿನ ಗಾಳಿ ಬಿಸಿಯಾಗಿ ಹೊರಹೋಗುತ್ತದೆ, ಕೆಳಗಿನ ಕೊಠಡಿಯ ಬಿಸಿಗಾಳಿ ಚಾವಣಿಯ ಸಂದುಗಳಿಂದ ಮೇಲೇರುತ್ತದೆ, ಕಿಟಕಿಯಿಂದ ತಂಪುಗಾಳಿ ಒಳಬರುತ್ತದೆ. ಕರೆಂಟಿನ ಹಂಗಿಲ್ಲ. ತಗಡು ಗೋಡೆಯಿಂದ ಬಲು ಮುಂದಕ್ಕೆ ಚಾಚಿ ಮಣ್ಣಿನ ಗೋಡೆಯನ್ನು ಮಳೆಯಿಂದ ಕಾಯುತ್ತದೆ. ಊರವರೇ ಮಣ್ಣು ಹೊತ್ತು, ನೀರು ತಂದು, ನೆಲ ಬಡಿದು ಕಟ್ಟಿದ ಈ ಶಾಲೆಗೆ 2004ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. 2022ರಲ್ಲಿ ಕೆರೆ ಅವರು ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ನರಾದರು. ಕಲಬುರಗಿ, ರಾಯಚೂರಿನ ಬೇಸಿಗೆಯನ್ನು ಬಲ್ಲವರು ಈ ಶಾಲೆಯ ಚಾವಣಿಯನ್ನು ಗಮನವಿಟ್ಟು ನೋಡಬೇಕು.

ಮಕ್ಕಳ ಕಲಿಕೆಯಲ್ಲಿ ಬಹಳಷ್ಟು ನಡೆಯುವುದು ಕೊಠಡಿಯ ಹೊರಗೆ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗಗಳಲ್ಲಿ. ರವೀಂದ್ರನಾಥ ಟಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಐದೇ ಮಕ್ಕಳೊಂದಿಗೆ ಆರಂಭಿಸಿದ ಶಾಲೆಯಲ್ಲಿ ಮರದ ಬುಡವೇ ತರಗತಿ. ಡಚ್ ವಾಸ್ತುಶಿಲ್ಪಿ ಹರ್ಮನ್ ಹರ್ಟ್ಸ್‌ಬರ್ಗರ್ ಡೆಲ್ಫ್ಟ್ ಊರಿನ ಮಾಂಟೆಸ್ಸರಿ ಶಾಲೆಯ ಹಜಾರದಲ್ಲಿ ಇಟ್ಟಿಗೆಯ ಕಟ್ಟೆಯೊಂದನ್ನು ಕಟ್ಟಿ ಬಿಟ್ಟರು. ಮಕ್ಕಳು ಅದನ್ನು ನಾಟಕದ ವೇದಿಕೆಯಾಗಿ, ಓದುವ ಮೂಲೆಯಾಗಿ, ಜಗಳ ಬಗೆಹರಿಸುವ ಪಂಚಾಯಿತಿ ಕಟ್ಟೆಯಾಗಿ ಮಾಡಿಕೊಳ್ಳಲಿ ಎಂದು. ಟೋಕಿಯೊ ಬಳಿಯ ತಾಚಿಕಾವಾದಲ್ಲಿ ತೆಜುಕಾ ದಂಪತಿ ರೂಪಿಸಿ 2007ರಲ್ಲಿ ತೆರೆದ ಫುಜಿ ಶಿಶುವಿಹಾರದ ಚಾವಣಿ ಮೊಟ್ಟೆಯಾಕಾರದ ಬಳೆಯಂತಿದೆ. ಮಕ್ಕಳು ಅದರ ಮೇಲೆ ಸುತ್ತು ಹಾಕಿ ಓಡುತ್ತಾರೆ, ಅಲ್ಲಿ ಮೊದಲಿನಿಂದ ಇದ್ದ ದೊಡ್ಡ ಮರಗಳು ಚಾವಣಿಯನ್ನು ಸೀಳಿಕೊಂಡು ಹಾಗೆಯೇ ನಿಂತಿವೆ. ಇಂಥ ಜಾಗ ಹುಡುಕಲು ಕನ್ನಡ ನಾಡಿನ ಶಾಲೆ ದೂರ ಹೋಗಬೇಕಿಲ್ಲ. ಜಗಲಿ ಇದೆ, ಮರದ ಕಟ್ಟೆ ಇದೆ. ಈಗ ಜಗಲಿ ಎಂದರೆ ಚಪ್ಪಲಿ ಬಿಡುವ, ತಡವಾಗಿ ಬಂದವರನ್ನು ನಿಲ್ಲಿಸುವ ಜಾಗ. ಜಗಲಿಯ ಅಂಚಿಗೆ ಕೂರಲು ಒಂದು ಕಟ್ಟೆ, ಗೋಡೆಗೆ ಪುಸ್ತಕದ ಒಂದು ಗೂಡು, ಕೆಳಗೆ ಬರೆಯಲು ಕಪ್ಪು ಪಟ್ಟಿ ಆದರೆ ಅದು ಇನ್ನೊಂದು ಕೊಠಡಿಯೇ ಆಗುತ್ತದೆ. ಐವರು ಮಕ್ಕಳು ಅಲ್ಲಿ ಕೂತು ಓದುತ್ತಿದ್ದರೆ ಒಳಗಿನ ಗದ್ದಲವೂ ಅಷ್ಟು ತಗ್ಗುತ್ತದೆ.

ಹೊಸ ಕೊಠಡಿಯ ನಕ್ಷೆ ಬಹುತೇಕ ಎಂಜಿನಿಯರರ ಮೇಜಿನ ಮೇಲೆ ಹುಟ್ಟುತ್ತದೆ, ಜಿಲ್ಲೆಯುದ್ದಕ್ಕೂ ಒಂದೇ ಅಳತೆಯಲ್ಲಿ ಏಳುತ್ತದೆ. ಅದರಲ್ಲಿ ಇಡೀ ದಿನ ಕಳೆಯುವ ಟೀಚರನ್ನೂ ಮಕ್ಕಳನ್ನೂ ಕೇಳುವ ಪದ್ಧತಿ ಇಲ್ಲ. ಕೇಳಿದರೆ ಸಿಗುವ ಉತ್ತರಗಳು ದುಬಾರಿಯಾಗಿರುವುದಿಲ್ಲ. ಬೋರ್ಡಿನ ಮೇಲೆ ಬಿಸಿಲು ಹೊಳೆದು ಕಾಣುವುದಿಲ್ಲ ಎಂದು ಮೂಲೆಯ ಹುಡುಗಿ ಹೇಳುತ್ತಾಳೆ, ಬೆಂಚು ಎತ್ತಲಾಗದಷ್ಟು ಭಾರ ಎಂದು ಟೀಚರು ಹೇಳುತ್ತಾರೆ. ಇಬ್ಬರು ಮಕ್ಕಳು ಎತ್ತಿ ಸರಿಸಬಲ್ಲ ಡೆಸ್ಕು ಇದ್ದರೆ ಬೆಳಿಗ್ಗೆ ಸಾಲು, ಹನ್ನೊಂದಕ್ಕೆ ಗುಂಪು, ಮಧ್ಯಾಹ್ನ ಬಿಸಿಯೂಟದ ಮೇಲೆ ಕಥೆ ಹೇಳಲು ಸುತ್ತು ಎಂದು ಒಂದೇ ಕೊಠಡಿ ಮೂರು ಕೊಠಡಿಯಾಗುತ್ತದೆ.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಮುಂದಿನ ಬಾರಿ ಊರ ಶಾಲೆಗೆ ಬಣ್ಣ ಹೊಡೆಸಲು ಕೂತಾಗ ಹೊರಗೋಡೆಯ ಲೆಕ್ಕ ಹಾಕುವ ಮುನ್ನ ಒಂದು ಡಬ್ಬಿ ಕಪ್ಪು ಬಣ್ಣವನ್ನು ಎತ್ತಿಡಲಿ. ನಾಲ್ಕನೇ ತರಗತಿಯ ಕೊಠಡಿಯಲ್ಲಿ ಮಕ್ಕಳನ್ನು ಗೋಡೆಯ ಪಕ್ಕ ನಿಲ್ಲಿಸಿ, ಅವರ ಕೈ ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಗೆ ಗೆರೆ ಎಳೆದು, ಅದರ ಕೆಳಗೆ ಸುತ್ತಲೂ ಬಳಿಯಲಿ. ಸೀಮೆಸುಣ್ಣದ ಪೆಟ್ಟಿಗೆಯನ್ನೂ ಅದೇ ಎತ್ತರದಲ್ಲಿ ಇಡಲಿ.